ಕಣ್ಣಿನೊಳಗಿನ ಲಿಂಫೋಮಾ: ಒಂದು ಬಯಾಪ್ಸಿಯ ಇತಿಹಾಸ

ಬಿಳಿ ರಕ್ತಕಣಗಳ ಒಂದು ವರ್ಗವಾದ ಲಿಂಫೊಸೈಟುಗಳು ಅಂಕೆ ಮೀರಿ ಬೆಳೆದಾಗ ಹುಟ್ಟುವ ಕ್ಯಾನ್ಸರನ್ನು ಲಿಂಫೋಮಾ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಕುತ್ತಿಗೆ, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಕಾಣಿಸಿಕೊಳ್ಳುವುದರಿಂದ, ಆ ಗಂಟನ್ನು ಕೈಯಿಂದ ಮುಟ್ಟಿ ನೋಡಬಹುದು, ಶಸ್ತ್ರವೈದ್ಯನು ಅದನ್ನು ಬಿಡಿಸಿ ತೆಗೆದು ಪರೀಕ್ಷೆಗೆ ಕಳುಹಿಸಬಹುದು. ಕಣ್ಣುಗುಡ್ಡೆಯ ಒಳಗೆ ಹುಟ್ಟುವ ಲಿಂಫೋಮಾದ ರೀತಿಯೇ ಬೇರೆ. ಅಲ್ಲಿ ಹಿಡಿದು ಕೊಯ್ಯಬಹುದಾದ ಗಂಟು ಎಷ್ಟೋ ಸಲ ಇರುವುದೇ ಇಲ್ಲ. ಮಸೂರದ ಹಿಂದೆ ಕಣ್ಣನ್ನು ತುಂಬಿಕೊಂಡಿರುವ, ಸುಮಾರು 4 ಮಿಲಿಲೀಟರಿನಷ್ಟಿರುವ, ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆಯಲ್ಲಿ ಕ್ಯಾನ್ಸರ್ ಕೋಶಗಳು ಬಿಡಿಬಿಡಿಯಾಗಿ ತೇಲುತ್ತಿರುತ್ತವೆ, ಇಲ್ಲವೇ ಬೆಳಕನ್ನು ಗ್ರಹಿಸುವ ರೆಟಿನಾ ಪದರದ ಅಡಿಯಲ್ಲಿ ತೆಳುವಾದ ಕೆನೆಬಣ್ಣದ ಹಾಸಾಗಿ ಹರಡಿಕೊಂಡಿರುತ್ತವೆ. ರೋಗಿಗೆ ಕಾಣುವುದು ಮಸುಕು ಮತ್ತು ಕಣ್ಣಮುಂದೆ ತೇಲುವ ಚುಕ್ಕೆಗಳು ಮಾತ್ರ. ನೋವಿಲ್ಲ, ಕೆಂಪಿಲ್ಲ. ವೈದ್ಯನಿಗೂ ಮೊದಲ ನೋಟಕ್ಕೆ ಕಾಣುವುದು ಯುವೆಯೈಟಿಸ್, ಅಂದರೆ ಕಣ್ಣಿನೊಳಗಿನ ಸಾಧಾರಣ ಉರಿಯೂತ.

ಇಂಥ ಸೋಗಿಗೆ ನೇತ್ರವೈದ್ಯಕೀಯದಲ್ಲಿ ಛದ್ಮವೇಷದ ರೋಗ ಎಂಬ ಹೆಸರು ಬಂದದ್ದು 1967ರಲ್ಲಿ. ಫ್ರೆಡರಿಕ್ ಥಿಯೋಡೋರ್ ಎಂಬ ಅಮೆರಿಕದ ವೈದ್ಯರು ಕಣ್ಣಿನ ಹೊರಪೊರೆಯ ಕ್ಯಾನ್ಸರೊಂದು ದೀರ್ಘಕಾಲದ ಕಣ್ಣುಬೇನೆಯಂತೆ ತೋರಿಕೊಂಡದ್ದನ್ನು ವರ್ಣಿಸಲು ಆ ಮಾತನ್ನು ಬಳಸಿದ್ದರು. ಮುಂದೆ ಅದು ಕಣ್ಣಿನೊಳಗಿನ ಲಿಂಫೋಮಾಕ್ಕೇ ಹೆಚ್ಚಾಗಿ ಅಂಟಿಕೊಂಡಿತು. ಅಂಟಿಕೊಳ್ಳಲು ಬಲವಾದ ಕಾರಣವೂ ಇತ್ತು. ಉರಿಯೂತಕ್ಕೆಂದು ಕೊಡುವ ಸ್ಟೀರಾಯ್ಡ್ ಔಷಧಿಗಳು ಲಿಂಫೋಮಾ ಕೋಶಗಳನ್ನೂ ಕೊಲ್ಲುತ್ತವೆ. 1949ರಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕೀಲುವಾತದಲ್ಲಿ ಕಾರ್ಟಿಸೋನಿನ ಗುಣವನ್ನು ತೋರಿಸಿದ ಕೆಲವೇ ವರ್ಷಗಳಲ್ಲಿ ಆ ವರ್ಗದ ಔಷಧಿಗಳು ಕಣ್ಣಿನ ಉರಿಯೂತಕ್ಕೂ ಬಳಕೆಯಾಗತೊಡಗಿದವು. ಅಂದಿನಿಂದ ಲಿಂಫೋಮಾದ ರೋಗಿಗೂ ಔಷಧಿ ಕೊಟ್ಟ ಕೂಡಲೇ ಮಸುಕು ಸ್ವಲ್ಪ ಹರಿಯುವುದು, ಉರಿಯೂತವೇ ಇತ್ತೆಂದು ವೈದ್ಯ ನಂಬುವುದು, ಔಷಧಿ ನಿಲ್ಲಿಸಿದಾಗ ಮಸುಕು ಮರಳುವುದು, ಈ ಸುತ್ತಿನಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುವುದು ಸಾಮಾನ್ಯವಾಯಿತು. ಆ ಕಾಲನಷ್ಟದ ಬೆಲೆ ಕಣ್ಣಿಗಷ್ಟೇ ಸೀಮಿತವಲ್ಲ. ವಿಟ್ರಿಯಸ್ ಮತ್ತು ರೆಟಿನಾಗಳಲ್ಲಿ ಹುಟ್ಟುವ ಲಿಂಫೋಮಾ ಮಿದುಳಿನ ಲಿಂಫೋಮಾದ ಒಡಹುಟ್ಟು. ಕಣ್ಣಿನಲ್ಲಿ ಮೊದಲು ಕಾಣಿಸಿಕೊಂಡವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಮಂದಿಗೆ ಅದು ಮುಂದೆ ಮಿದುಳಿನಲ್ಲೂ ತಲೆದೋರುತ್ತದೆ. ಆದುದರಿಂದಲೇ ಕಣ್ಣಿನಿಂದ ಒಂದಷ್ಟು ಕೋಶಗಳನ್ನು ತೆಗೆದು ಗುರುತು ಹಿಡಿಯುವ ವಿದ್ಯೆಯ ಚರಿತ್ರೆಗೆ ಪ್ರಾಣದ ಪ್ರಶ್ನೆಯ ತೂಕವಿದೆ.

ಮಿದುಳಿನಲ್ಲಿ ಈ ಗಡ್ಡೆಯನ್ನು 1929ರಲ್ಲಿ ಪರ್ಸಿವಲ್ ಬೇಲಿ ಬೇರೊಂದು ಹೆಸರಿನಲ್ಲಿ ವರ್ಣಿಸಿದ್ದರು. ಕಣ್ಣಿನೊಳಗೆ ಅದನ್ನು ಗುರುತಿಸಿದ ಮೊದಲ ವರದಿಯೆಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುವುದು 1951ರಲ್ಲಿ ಅಮೆರಿಕದಲ್ಲಿ ಕೂಪರ್ ಮತ್ತು ರೈಕರ್ ಪ್ರಕಟಿಸಿದ ಬರಹವನ್ನು. ಆ ಕಾಲದ ರೋಗಶಾಸ್ತ್ರಜ್ಞರು ಇದನ್ನು ರೆಟಿಕ್ಯುಲಮ್ ಕೋಶದ ಸಾರ್ಕೋಮಾ ಎಂದು ಕರೆದರು. ಗ್ರಂಥಿಗಳಲ್ಲಿ ಬಲೆಯಂತೆ ಹೆಣೆದುಕೊಂಡಿರುವ ಆಧಾರಕೋಶಗಳಿಂದ ಅದು ಹುಟ್ಟುತ್ತದೆಂಬುದು ಆಗಿನ ತಿಳುವಳಿಕೆ. 1968ರಲ್ಲಿ ಫೋಗಲ್, ರಾಮನ್ ಫಾಂಟ್, ಲೊರೆನ್ಜ್ ಜಿಮ್ಮರ್‌ಮನ್ ಮತ್ತು ಲೆವೀನ್ ಅವರು ರೆಟಿನಾ ಹಾಗೂ ಅದರ ಹೊರಗಿನ ರಕ್ತನಾಳಗಳ ಪದರದಲ್ಲಿ ಈ ಗಡ್ಡೆ ಕಂಡ ಆರು ಮಂದಿಯ ವಿವರವನ್ನು, ಅಲ್ಲಿಯವರೆಗಿನ ಸಾಹಿತ್ಯದ ವಿಮರ್ಶೆಯೊಂದಿಗೆ, ಪ್ರಕಟಿಸಿದರು. ಜಿಮ್ಮರ್‌ಮನ್ ಕೆಲಸ ಮಾಡುತ್ತಿದ್ದ ವಾಷಿಂಗ್ಟನ್ನಿನ ಸೈನ್ಯದ ರೋಗಶಾಸ್ತ್ರ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ, ಅರ್ಥವಾಗದ ರೋಗಗಳಿಗಾಗಿ ತೆಗೆದ ಕಣ್ಣುಗಳು ಬರುತ್ತಿದ್ದವು. ನೇತ್ರರೋಗಶಾಸ್ತ್ರವೆಂಬ ವಿಷಯ ಬೆಳೆದದ್ದೇ ಅಂಥ ಸಂಗ್ರಹಗಳಿಂದ.

ಈ ಹಳೆಯ ವರದಿಗಳನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ: ರೋಗನಿರ್ಣಯವಾದದ್ದು ಬಹುಪಾಲು ಇಡೀ ಕಣ್ಣನ್ನು ತೆಗೆದ ಮೇಲೆ, ಇಲ್ಲವೇ ಸಾವಿನ ನಂತರದ ಶವಪರೀಕ್ಷೆಯಲ್ಲಿ. ದೃಷ್ಟಿ ಪೂರ್ತಿ ಹೋಗಿ, ನೋವು ಅಥವಾ ಒತ್ತಡ ಹೆಚ್ಚಿ, ಇನ್ನು ಉಳಿಸಿ ಪ್ರಯೋಜನವಿಲ್ಲವೆನಿಸಿದ ಕಣ್ಣನ್ನು ತೆಗೆದು, ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆಚ್ಚಿ ನೋಡಿದಾಗ ಉತ್ತರ ದೊರೆಯುತ್ತಿತ್ತು. ಈ ರೋಗ ಹೆಚ್ಚಿನವರಲ್ಲಿ ಎರಡೂ ಕಣ್ಣುಗಳಿಗೆ ಬರುವುದರಿಂದ, ಕಳೆದುಹೋದ ಒಂದು ಕಣ್ಣು ಇನ್ನೊಂದು ಕಣ್ಣಿನ ಚಿಕಿತ್ಸೆಗೆ ದಾರಿ ತೋರಿಸುವ ಸ್ಥಿತಿ ಅದಾಗಿತ್ತು. ಕ್ಷಕಿರಣ ಕೊಟ್ಟರೆ ಆ ಕೋಶಗಳು ಕರಗುತ್ತವೆಂದು ಗೊತ್ತಿದ್ದೂ, ಕೊಡಬೇಕಾದ ಹೊತ್ತಿನಲ್ಲಿ ರೋಗದ ಹೆಸರು ಗೊತ್ತಿರಲಿಲ್ಲ.

ಹಾಗಿದ್ದರೆ ಸೂಜಿ ಚುಚ್ಚಿ ಒಂದಷ್ಟು ವಿಟ್ರಿಯಸನ್ನು ಹೀರಿ ಏಕೆ ನೋಡಲಿಲ್ಲ ಎಂಬ ಪ್ರಶ್ನೆ ಇಂದಿನ ಓದುಗನಿಗೆ ಸಹಜವಾಗಿ ಬರುತ್ತದೆ. ಇದಕ್ಕೆ ಎರಡು ಭಯಗಳು ಅಡ್ಡವಾಗಿದ್ದವು. ಕಣ್ಣಿನೊಳಗಿನ ಕ್ಯಾನ್ಸರಿಗೆ ಸೂಜಿ ಹಾಕಿದರೆ ಆ ತೂತಿನ ಮೂಲಕ ಕೋಶಗಳು ಹೊರಗೆ ಹರಡಬಹುದೆಂಬುದು ಒಂದು. ಮಕ್ಕಳ ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆಯ ವಿಷಯದಲ್ಲಿ ಆ ಭಯ ಇಂದಿಗೂ ನ್ಯಾಯವಾದದ್ದೇ. ಎರಡನೆಯದು ಇನ್ನೂ ಆಳದ್ದು. ವಿಟ್ರಿಯಸನ್ನು ಮುಟ್ಟಬಾರದೆಂಬುದು ಶತಮಾನಗಳ ನಿಯಮವಾಗಿತ್ತು. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಲ್ಲಿ ಲೋಳೆ ಹೊರಬಂದಿತೆಂದರೆ ಕಣ್ಣು ಕೈಬಿಟ್ಟಂತೆ ಎಂದು ವೈದ್ಯರು ನಡುಗುತ್ತಿದ್ದರು. ಅದನ್ನು ಎಳೆದರೆ ಅದಕ್ಕೆ ಅಂಟಿಕೊಂಡಿರುವ ರೆಟಿನಾ ಹರಿದು ಕಳಚುತ್ತದೆ ಎಂಬುದು ಅನುಭವ ಕಲಿಸಿದ ಪಾಠ. ಬರಿಯ ಸೂಜಿಯಿಂದ ಹೀರುವ ಪ್ರಯತ್ನಗಳಲ್ಲಿ ಈ ಅಪಾಯ ಇತ್ತು, ಮೇಲಾಗಿ ಗಟ್ಟಿ ಲೋಳೆ ಸೂಜಿಯೊಳಗೆ ಬರುತ್ತಿರಲಿಲ್ಲ. ಬಂದ ಸ್ವಲ್ಪ ದ್ರವದಲ್ಲಿ ಕೋಶಗಳು ಕಾಣದೆ ಹೋಗುತ್ತಿದ್ದವು.

ಈ ನಿಯಮವನ್ನು ಮುರಿದ ಊರು ಅಮೆರಿಕದ ದಕ್ಷಿಣ ತುದಿಯ ಮಯಾಮಿ. ಅಲ್ಲಿಯ ಡೇವಿಡ್ ಕ್ಯಾಸ್ನರ್ ಅವರು 1960ರ ದಶಕದಲ್ಲಿ, ಶಸ್ತ್ರಕ್ರಿಯೆಯ ವೇಳೆ ಹೊರಚೆಲ್ಲಿದ ವಿಟ್ರಿಯಸನ್ನು ಎಳೆಯದೆ, ಸೆಲ್ಯುಲೋಸಿನ ಸ್ಪಂಜಿಗೆ ಅಂಟಿಸಿ ಮೃದುವಾಗಿ ಎತ್ತಿ ಕತ್ತರಿಯಿಂದ ಕತ್ತರಿಸುತ್ತ ಹೋದರೆ ಕಣ್ಣು ಅದನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡರು. ಬಳಿಕ ಅಮಿಲಾಯ್ಡ್ ಎಂಬ ಪ್ರೋಟೀನು ಕೂಡಿಕೊಂಡು ವಿಟ್ರಿಯಸ್ ಪೂರ್ತಿ ಮಬ್ಬಾಗಿದ್ದ ಕಣ್ಣಿನಲ್ಲಿ, ಮುಂಭಾಗವನ್ನು ತೆರೆದು, ಬೇಕೆಂದೇ ಆ ಲೋಳೆಯ ಬಹುಭಾಗವನ್ನು ತೆಗೆದುಹಾಕಿದರು. ಕಣ್ಣು ಉಳಿಯಿತು. ವಿಟ್ರಿಯಸ್ ಇಲ್ಲದೆಯೂ ಕಣ್ಣು ಬದುಕಬಲ್ಲದೆಂಬ ಅರಿವು ಅದರಿಂದ ಹುಟ್ಟಿತು. ಈ ಅರಿವಿಲ್ಲದೆ ಮುಂದಿನ ಯಾವ ಉಪಕರಣವೂ ಹುಟ್ಟುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಕ್ಯಾಸ್ನರ್ ಕೆಲಸವನ್ನು ಹತ್ತಿರದಿಂದ ಕಂಡವರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ ಹುಟ್ಟಿ, 1960ರ ದಶಕದ ನಡುವೆ ಮಯಾಮಿಯ ಬಾಸ್ಕಮ್ ಪಾಮರ್ ನೇತ್ರ ಸಂಸ್ಥೆಗೆ ಬಂದ ರಾಬರ್ಟ್ ಮ್ಯಾಕಮರ್ ಒಬ್ಬರು. ಕಣ್ಣನ್ನು ತೆರೆದಿಟ್ಟು ಕೆಲಸ ಮಾಡುವ ಬದಲು, ಮುಚ್ಚಿದ ಕಣ್ಣಿನೊಳಗೇ, ಅದರ ಒತ್ತಡ ಕುಸಿಯದಂತೆ, ವಿಟ್ರಿಯಸನ್ನು ಕತ್ತರಿಸಿ ಹೀರಲು ಸಾಧ್ಯವೇ ಎಂದು ಅವರು ಯೋಚಿಸಿದರು. ಮೊದಲ ಪ್ರಯೋಗಗಳು ತಮ್ಮ ಮನೆಯ ಗ್ಯಾರೇಜಿನಲ್ಲಿ, ಸಣ್ಣ ಕೊರೆಯುವ ಮೊನೆಯನ್ನು ಮೋಟಾರಿಗೆ ಜೋಡಿಸಿ ಕೋಳಿಮೊಟ್ಟೆಯ ಬಿಳಿಯ ಮೇಲೆ ನಡೆದವು. ಮೊಟ್ಟೆಯ ಬಿಳಿ ವಿಟ್ರಿಯಸಿನಷ್ಟೇ ಜಿಗುಟಾದ ಲೋಳೆ. ಎಂಜಿನಿಯರ್ ಜಾನ್‌-ಮಾರಿ ಪರೆಲ್, ಸಹೋದ್ಯೋಗಿ ಹೆಲ್ಮುಟ್ ಬ್ಯೂಟ್ನರ್, ಸಂಸ್ಥೆಯ ಮುಖ್ಯಸ್ಥ ಎಡ್ವರ್ಡ್ ನಾರ್ಟನ್ ಇವರ ಸಹಕಾರದಿಂದ ಆ ಕಲ್ಪನೆ ಒಂದು ಉಪಕರಣವಾಯಿತು. ಒಂದೇ ಕೊಳವೆಯಲ್ಲಿ ಕತ್ತರಿಸುವ ಅಲಗು, ಕತ್ತರಿಸಿದ್ದನ್ನು ಹೀರುವ ದಾರಿ, ಹೀರಿದಷ್ಟೇ ಉಪ್ಪುನೀರನ್ನು ಒಳಗೆ ತುಂಬುವ ದಾರಿ ಮೂರೂ ಸೇರಿದ್ದವು. ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾದ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ಹಿಂದೆ, ಮುಂದಿನ ಮಸೂರಕ್ಕೂ ಹಿಂದಿನ ರೆಟಿನಾಕ್ಕೂ ಪೆಟ್ಟಾಗದ ಪಾರ್ಸ್ ಪ್ಲಾನಾ ಎಂಬ ಕಿರಿದಾದ ಪಟ್ಟಿ ಇದೆ. ಅದರ ಮೂಲಕ ಈ ಕೊಳವೆಯನ್ನು ಒಳಗೆ ಹೊಗಿಸಿ 1970ರ ಏಪ್ರಿಲ್ 20ರಂದು ಅವರು ಮೊದಲ ಮುಚ್ಚುಕಣ್ಣಿನ ವಿಟ್ರೆಕ್ಟಮಿಯನ್ನು, ಅಂದರೆ ವಿಟ್ರಿಯಸ್ ತೆಗೆಯುವ ಶಸ್ತ್ರಕ್ರಿಯೆಯನ್ನು, ಮಧುಮೇಹದಿಂದ ಕಣ್ಣಿನೊಳಗೆ ರಕ್ತ ತುಂಬಿದ್ದ ರೋಗಿಯ ಮೇಲೆ ನಡೆಸಿದರು. 1971ರಲ್ಲಿ ಅದರ ವಿವರ ಪ್ರಕಟವಾಯಿತು. 1974ರಲ್ಲಿ ಕಾನರ್ ಓಮ್ಯಾಲಿ ಮತ್ತು ರಾಲ್ಫ್ ಹೈಂಟ್ಸ್ ಈ ಮೂರು ಕೆಲಸಗಳನ್ನು ಮೂರು ಬೇರೆ ಬೇರೆ ತೂತುಗಳಿಗೆ ಹಂಚಿ, ಪ್ರತಿಯೊಂದನ್ನೂ ಒಂದು ಮಿಲಿಮೀಟರಿಗಿಂತ ಕಿರಿದಾಗಿಸಿದರು. ಇಂದಿಗೂ ನಡೆಯುವುದು ಆ ಮೂರು ತೂತಿನ ಪದ್ಧತಿಯೇ.

ಮ್ಯಾಕಮರ್ ಈ ಉಪಕರಣವನ್ನು ಮಾಡಿದ್ದು ರಕ್ತ ಮತ್ತು ಗಾಯದ ಪೊರೆಗಳನ್ನು ತೆಗೆದು ದೃಷ್ಟಿ ಮರಳಿಸಲೆಂದು. ಆದರೆ ತೆಗೆದದ್ದನ್ನು ಚೆಲ್ಲುವ ಬದಲು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದೇ ಬಯಾಪ್ಸಿ ಆಗುತ್ತದೆಂಬುದು ಬಹುಬೇಗ ಹೊಳೆಯಿತು. 1975ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರೊನಾಲ್ಡ್ ಮೈಕಲ್ಸ್, ಡೇವಿಡ್ ನಾಕ್ಸ್, ಯೆನರ್ ಎರೊಜಾನ್ ಮತ್ತು ರಿಚರ್ಡ್ ಗ್ರೀನ್ ಅವರು ಕಣ್ಣಿನೊಳಗಿನ ರೆಟಿಕ್ಯುಲಮ್ ಕೋಶದ ಸಾರ್ಕೋಮಾವನ್ನು ಪಾರ್ಸ್ ಪ್ಲಾನಾ ವಿಟ್ರೆಕ್ಟಮಿಯ ಮೂಲಕ ಪತ್ತೆಹಚ್ಚಿದ ವರದಿಯನ್ನು ಪ್ರಕಟಿಸಿದರು. ಈ ರೋಗದ ಬಯಾಪ್ಸಿಯ ಇತಿಹಾಸದಲ್ಲಿ ಒಂದೇ ಒಂದು ವರ್ಷವನ್ನು ನೆನಪಿಡಬೇಕಾದರೆ ಅದು ಇದೇ. ಕಣ್ಣನ್ನು ಕಳೆಯದೆ, ಜೀವಂತ ರೋಗಿಯಲ್ಲಿ, ದೃಷ್ಟಿ ಇನ್ನೂ ಉಳಿದಿರುವಾಗಲೇ ಹೆಸರು ಹೇಳುವ ದಾರಿ ಅಲ್ಲಿ ತೆರೆಯಿತು. ಮಬ್ಬಾದ ಲೋಳೆ ಹೋದುದರಿಂದ ಕೆಲವರಿಗೆ ನೋಟವೂ ತಿಳಿಯಾಗುವ ಲಾಭ ಜೊತೆಗೇ ಬಂದಿತು. ಆ ಹೆಸರುಗಳನ್ನು ಗಮನಿಸಬೇಕು. ಮೈಕಲ್ಸ್ ಶಸ್ತ್ರವೈದ್ಯರು, ಎರೊಜಾನ್ ಬಿಡಿಕೋಶಗಳನ್ನು ಓದುವ ಕೋಶಶಾಸ್ತ್ರಜ್ಞರು, ಗ್ರೀನ್ ಕಣ್ಣಿನ ರೋಗಶಾಸ್ತ್ರಜ್ಞರು. ಅಲಗು ಹಿಡಿದವರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರೂ ಒಂದೇ ಬರಹದಲ್ಲಿ ಕೂಡಿದ್ದು ಕಾಕತಾಳೀಯವಲ್ಲ; ಈ ವಿದ್ಯೆ ಮುಂದೆ ಗೆದ್ದ ಕಡೆಯಲ್ಲೆಲ್ಲ ಗೆದ್ದದ್ದು ಆ ಜೊತೆಗಾರಿಕೆಯಿಂದ, ಸೋತ ಕಡೆಯಲ್ಲಿ ಬಹಳಷ್ಟು ಸಲ ಸೋತದ್ದು ಅದು ಇಲ್ಲದ್ದರಿಂದ.

ಸೋಲುಗಳು ಕಡಿಮೆಯಿರಲಿಲ್ಲ. ವಿಟ್ರೆಕ್ಟಮಿ ಎಲ್ಲೆಡೆ ಹರಡಿದ ಮೇಲೂ, ಲಿಂಫೋಮಾ ಇದ್ದೇ ಇದೆಯೆಂದು ಮುಂದೆ ಸಾಬೀತಾದ ರೋಗಿಗಳಲ್ಲಿ ಮೊದಲ ಮಾದರಿ ಏನನ್ನೂ ತೋರಿಸದೆ ಹೋಗುವುದು, ಎರಡನೆಯ ಸಲ, ಮೂರನೆಯ ಸಲ ಶಸ್ತ್ರಕ್ರಿಯೆ ಬೇಕಾಗುವುದು ನಡೆಯುತ್ತಲೇ ಇತ್ತು. ಇದಕ್ಕೆ ಕಾರಣ ಆ ಕೋಶದ ಸ್ವಭಾವದಲ್ಲಿದೆ. ಲಿಂಫೋಮಾ ಕೋಶವು ಸಾಧಾರಣ ಲಿಂಫೊಸೈಟಿಗಿಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದು. ಅದರ ನ್ಯೂಕ್ಲಿಯಸ್ ಇಡೀ ಕೋಶವನ್ನೇ ತುಂಬಿಕೊಂಡು ಅಂಕುಡೊಂಕಾದ ಅಂಚು ತಳೆದಿರುತ್ತದೆ, ಒಳಗೆ ನ್ಯೂಕ್ಲಿಯೋಲಸ್ ಎಂಬ ಢಾಳಾದ ಚುಕ್ಕೆಗಳು ಕಾಣುತ್ತವೆ, ಸುತ್ತಲಿನ ಕೋಶರಸ ಒಂದು ತೆಳು ಅಂಚು ಮಾತ್ರ. ಇಷ್ಟು ಸ್ಪಷ್ಟ ಲಕ್ಷಣಗಳಿದ್ದರೂ ಆ ಕೋಶ ಬಲು ನಾಜೂಕಾದದ್ದು. ಕಣ್ಣಿನಲ್ಲಿರುವಾಗಲೇ ಅವುಗಳಲ್ಲಿ ಅನೇಕ ಸತ್ತು ಚೂರಾಗಿರುತ್ತವೆ. ಉಳಿದವು ಹೊರಬಂದ ಒಂದು ಗಂಟೆಯ ಒಳಗೇ ಕೊಳೆಯತೊಡಗುತ್ತವೆ. ಮೇಲಾಗಿ ಅವುಗಳ ಸುತ್ತ ರೋಗಿಯ ದೇಹವೇ ಕಳುಹಿಸಿದ ನಿರಪಾಯಕಾರಿ ಲಿಂಫೊಸೈಟುಗಳು ಗುಂಪುಗೂಡಿರುವುದರಿಂದ, ನೂರಾರು ಸಾಧುಕೋಶಗಳ ನಡುವೆ ಕೈಬೆರಳೆಣಿಕೆಯ ಕ್ಯಾನ್ಸರ್ ಕೋಶಗಳನ್ನು ಹುಡುಕಬೇಕಾಗುತ್ತದೆ. ಸಂಜೆ ತೆಗೆದ ಮಾದರಿ ರಾತ್ರಿಯಿಡೀ ಆಸ್ಪತ್ರೆಯ ಕಪಾಟಿನಲ್ಲಿ ಉಳಿದು ಬೆಳಿಗ್ಗೆ ಪ್ರಯೋಗಾಲಯ ತಲುಪಿದರೆ ಗಾಜಿನ ಮೇಲೆ ಕಾಣುವುದು ಗುರುತು ಸಿಗದ ಕಸ.

ಆದುದರಿಂದ 1975ರ ನಂತರದ ಹದಿನೈದಿಪ್ಪತ್ತು ವರ್ಷಗಳ ನಿಜವಾದ ಪ್ರಗತಿ ನಡೆದದ್ದು ಶಸ್ತ್ರಕ್ರಿಯೆಯ ಮೇಜು ಮತ್ತು ಸೂಕ್ಷ್ಮದರ್ಶಕದ ಮೇಜುಗಳ ನಡುವಿನ ದಾರಿಯಲ್ಲಿ. ಈ ದಾರಿಯ ಕಥೆಯನ್ನು ವೈದ್ಯಕೀಯ ಇತಿಹಾಸಗಳು ಹೆಚ್ಚಾಗಿ ಹೇಳುವುದಿಲ್ಲ. ಹೊಸ ಉಪಕರಣಕ್ಕಿರುವ ಮೆರುಗು ಒಳ್ಳೆಯ ಅಭ್ಯಾಸಕ್ಕೆ ಇರುವುದಿಲ್ಲ. ಶಸ್ತ್ರವೈದ್ಯರು ಉಪ್ಪುನೀರಿನ ಹರಿವನ್ನು ತೆರೆಯುವುದಕ್ಕೆ ಮೊದಲೇ, ಸಹಾಯಕರು ಸಿರಿಂಜನ್ನು ಕೈಯಿಂದ ನಿಧಾನವಾಗಿ ಎಳೆಯುತ್ತಿರುವಂತೆ, ನೀರು ಬೆರೆಯದ ಒಂದೆರಡು ಮಿಲಿಲೀಟರ್ ವಿಟ್ರಿಯಸನ್ನು ಮೊದಲು ಸಂಗ್ರಹಿಸುವ ಪದ್ಧತಿ ಬಂದಿತು. ಬಳಿಕ ನೀರು ಬೆರೆತು ಬರುವ ಉಳಿದ ಭಾಗವನ್ನೂ ಎಸೆಯದೆ, ಯಂತ್ರದ ಸಂಗ್ರಹಪೆಟ್ಟಿಗೆಯಿಂದ ತೆಗೆದು, ತಿರುಗುಯಂತ್ರದಲ್ಲಿ ಸುತ್ತಿಸಿ ತಳದಲ್ಲಿ ಕೂತ ಕೋಶಗಳನ್ನು ನೋಡತೊಡಗಿದರು. ಕೋಶಗಳನ್ನು ಬದುಕಿಸಿಡುವ ಪೋಷಕ ದ್ರವದಲ್ಲಿ ಮಾದರಿಯನ್ನು ಹಾಕಿ, ಕೈಯಲ್ಲೇ ಹಿಡಿದು ನೇರ ಪ್ರಯೋಗಾಲಯಕ್ಕೆ ಒಯ್ಯುವುದು, ಕಾಯಿಸುವುದು ಅನಿವಾರ್ಯವಾದಲ್ಲಿ ಮೃದುವಾದ ಸ್ಥಿರೀಕಾರಕ ದ್ರಾವಣವನ್ನು ಬಳಸುವುದು, ಬರುವ ಮಾದರಿಯ ಬಗ್ಗೆ ಕೋಶಶಾಸ್ತ್ರಜ್ಞರಿಗೆ ಮುಂಚಿತವಾಗಿ ತಿಳಿಸುವುದು ರೂಢಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಡೆವ್ರನ್ ಚಾರ್ ಮತ್ತು ಬ್ರಿಟ್-ಮೇರಿ ಲ್ಯುಂಗ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಬೆತೆಸ್ಡಾದ ರಾಷ್ಟ್ರೀಯ ನೇತ್ರ ಸಂಸ್ಥೆಯಿಂದ ಸ್ಕಾಟ್ ವ್ಹಿಟ್‌ಕಪ್ ಮತ್ತು ಸಂಗಡಿಗರು 1993ರಲ್ಲಿ ಹೊರತಂದ ವರದಿ ಇಂಥ ಶಿಸ್ತಿಗೆ ಆಧಾರವಾದವು. ಇದೇ ಕಾಲದಲ್ಲಿ ಇನ್ನೊಂದು ನಿಯಮವೂ ಗಟ್ಟಿಯಾಯಿತು: ರೋಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಸಾಧ್ಯವಿರುವಲ್ಲೆಲ್ಲ, ಬಯಾಪ್ಸಿಗೆ ಸುಮಾರು ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕು. ದಶಕಗಳ ಕಾಲ ರೋಗವನ್ನು ಮರೆಮಾಡಿದ್ದ ಔಷಧಿಯನ್ನು ಹಿಂತೆಗೆದು, ಕೋಶಗಳು ಮತ್ತೆ ಕಾಣಿಸಿಕೊಳ್ಳುವ ತನಕ ಮಸುಕನ್ನು ಸಹಿಸಿಕೊಳ್ಳುವಂತೆ ರೋಗಿಯನ್ನು ಒಪ್ಪಿಸುವುದು ಸುಲಭದ ಮಾತಲ್ಲ. ಆದರೆ ಈ ಎರಡು ವಾರಗಳು ತಪ್ಪಿಸಿದ ಎರಡನೆಯ ಶಸ್ತ್ರಕ್ರಿಯೆಗಳು ಅನೇಕ.

ಅಷ್ಟರಲ್ಲಿ ರೋಗದ ಹೆಸರೂ ಬದಲಾಗಿತ್ತು. ರೋಗನಿರೋಧಕ ಶಾಸ್ತ್ರ ಬೆಳೆದಂತೆ, ರೆಟಿಕ್ಯುಲಮ್ ಕೋಶದ ಸಾರ್ಕೋಮಾ ಎಂದು ಕರೆದದ್ದು ಹೆಚ್ಚಿನವರಲ್ಲಿ ಪ್ರತಿಕಾಯಗಳನ್ನು ತಯಾರಿಸುವ ಬಿ-ಲಿಂಫೊಸೈಟುಗಳ ಕ್ಯಾನ್ಸರ್ ಎಂದು ತಿಳಿಯಿತು. 1975ರಲ್ಲೇ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟ ಏಕಮೂಲ ಪ್ರತಿಕಾಯಗಳ ತಂತ್ರ, ಕೋಶದ ಮೈಮೇಲಿನ ಗುರುತುಗಳಿಗೆ ಬಣ್ಣ ಹಚ್ಚಿ ಬಿ-ಕೋಶ ಯಾವುದು, ಲಿಂಫೊಸೈಟುಗಳ ಇನ್ನೊಂದು ಬಗೆಯಾದ ಟಿ-ಕೋಶ ಯಾವುದು ಎಂದು ಬೇರ್ಪಡಿಸಲು ನೆರವಾಯಿತು. ಪ್ರತಿ ಬಿ-ಕೋಶವೂ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಎರಡು ಪ್ರೋಟೀನ್ ಸರಪಳಿಗಳಲ್ಲಿ ಒಂದನ್ನು ಮಾತ್ರ ತೊಡುವುದರಿಂದ, ಸಾಮಾನ್ಯ ಉರಿಯೂತದಲ್ಲಿ ಎರಡೂ ಬೆರೆತಿರುತ್ತವೆ. ಒಂದೇ ಕೋಶದ ಸಂತಾನವಾದ ಕ್ಯಾನ್ಸರಿನಲ್ಲಿ ಒಂದೇ ಬಗೆ ಮೇಲುಗೈ ಪಡೆದಿರುತ್ತದೆ. ಕೋಶಗಳನ್ನು ಸಾಲಾಗಿ ಲೇಸರ್ ಕಿರಣದ ಮುಂದೆ ಹರಿಸಿ ಎಣಿಸುವ ಫ್ಲೋ ಸೈಟೊಮೆಟ್ರಿಯಿಂದ ಈ ಲೆಕ್ಕವನ್ನು ವಿಟ್ರಿಯಸಿನಲ್ಲೂ ಮಾಡಬಹುದೆಂದು ಜಾನೆಟ್ ಡೇವಿಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಆದರೆ ಎಣಿಕೆಗೆ ಕೋಶಗಳು ಬೇಕು, ಕಣ್ಣು ಕೊಡುವುದು ಕೆಲವನ್ನೇ.

ವಿಟ್ರಿಯಸಿನಲ್ಲಿ ಕೋಶಗಳಿಲ್ಲದೆ ರೆಟಿನಾದ ಅಡಿಯಲ್ಲಿ ಮಾತ್ರ ರೋಗ ಅಡಗಿರುವ ಕಣ್ಣುಗಳಿಗೆ ಬೇರೆ ದಾರಿ ಬೇಕಿತ್ತು. 1979ರಲ್ಲಿ ಫ್ರೆಡರಿಕ್ ಜಾಕೊಬಿಯೆಕ್ ಮತ್ತು ಜಾಕ್ಸನ್ ಕೋಲ್ಮನ್ ಮೊದಲಾದವರು ಅಲ್ಟ್ರಾಸೌಂಡಿನ ಮಾರ್ಗದರ್ಶನದಲ್ಲಿ ಕಣ್ಣಿನೊಳಗಿನ ಗಟ್ಟಿ ಗಡ್ಡೆಗಳಿಗೆ ಸೂಜಿ ಹಾಕುವ ವಿಧಾನವನ್ನು ವಿವರಿಸಿದ್ದರು. 1987ರಲ್ಲಿ ಕಿರ್ಮಾನಿ ಮತ್ತು ಸಂಗಡಿಗರು, ರೆಟಿನಾದ ಹೊರಗಿನ ರಕ್ತನಾಳಗಳ ಪದರವಾದ ಕೊರಾಯ್ಡಿನ ತುಣುಕು ತೆಗೆದು ಈ ಲಿಂಫೋಮಾವನ್ನು ಗುರುತಿಸಿದ್ದನ್ನು ವರದಿ ಮಾಡಿದರು. ಬಿಳಿಗುಡ್ಡೆಯಲ್ಲಿ ಅರ್ಧ ದಪ್ಪದ ಬಾಗಿಲು ತೆರೆದು ಅದರ ಅಡಿಯಿಂದ ಒಂದು ಸಣ್ಣ ತುಂಡನ್ನು ಕೊಯ್ದು ಮತ್ತೆ ಹೊಲಿಯುವ ಕೆಲಸ ಅದು. 1989ರಲ್ಲಿ ವಿಲಿಯಂ ಫ್ರೀಮನ್ ಮತ್ತು ಸಂಗಡಿಗರು ಒಳಗಿನಿಂದಲೇ ರೆಟಿನಾದ ತುಣುಕನ್ನು ತೆಗೆಯುವುದನ್ನು ವಿವರಿಸಿದರು. ಏಡ್ಸ್ ಹರಡಿದ್ದ ಆ ವರ್ಷಗಳಲ್ಲಿ ರೆಟಿನಾದ ಸೋಂಕುಗಳನ್ನು ಗುರುತಿಸಬೇಕಾದ ತುರ್ತಿನಿಂದ ಬೆಳೆದ ಈ ಕೌಶಲ ಲಿಂಫೋಮಾಕ್ಕೂ ಒದಗಿತು. ಮೊದಲು ವಿಟ್ರಿಯಸ್ ತೆಗೆದು, ಆರಿಸಿದ ಜಾಗದ ಸುತ್ತ ರಕ್ತನಾಳಗಳನ್ನು ಸುಟ್ಟು ಮುಚ್ಚಿ, ಸೂಕ್ಷ್ಮ ಕತ್ತರಿಯಿಂದ ತುಣುಕು ಬಿಡಿಸಿ, ಬಳಿಕ ರೆಟಿನಾ ಕಳಚದಂತೆ ಅನಿಲ ಅಥವಾ ಸಿಲಿಕೋನ್ ಎಣ್ಣೆ ತುಂಬಬೇಕು. ರಕ್ತಸ್ರಾವ, ರೆಟಿನಾ ಕಳಚುವಿಕೆ ಎರಡರ ಅಪಾಯವೂ ಇದರಲ್ಲಿ ಹೆಚ್ಚು. ಆದುದರಿಂದ ಬೇರೆ ದಾರಿ ಮುಚ್ಚಿದಾಗ ಮಾತ್ರ ಇದನ್ನು ಆರಿಸುತ್ತಾರೆ. ಮಿದುಳಿನ ಬಯಾಪ್ಸಿಯಿಂದಲೋ ಬೆನ್ನುಹುರಿಯ ದ್ರವದಿಂದಲೋ ರೋಗ ಆಗಲೇ ಖಚಿತವಾಗಿದ್ದರೆ ಕಣ್ಣನ್ನು ಮುಟ್ಟುವ ಅಗತ್ಯವೂ ಬೀಳದು.

ಕೊರಾಯ್ಡಿನ ಲಿಂಫೋಮಾದ ಕಥೆ ಸ್ವಲ್ಪ ಬೇರೆಯಾಗಿ ನಡೆಯಿತು, ಮತ್ತು ಅದರಲ್ಲಿ ಹಳೆಯ ಸಂಗ್ರಹಗಳ ಬೆಲೆ ಎಷ್ಟೆಂಬುದು ಗೊತ್ತಾಗುತ್ತದೆ. ಅಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೊಸೈಟ್ ರಾಶಿಯನ್ನು ದೀರ್ಘಕಾಲ ನಿರಪಾಯಕಾರಿ ಪ್ರತಿಕ್ರಿಯೆಯೆಂದೇ ಪರಿಗಣಿಸಿದ್ದರು. 2000ದಲ್ಲಿ ಕಾಕರ್‌ಹ್ಯಾಮ್, ಹಿದಾಯತ್ ಮತ್ತು ಸಂಗಡಿಗರು ಹಾಗೆ ಹೆಸರಿಟ್ಟಿದ್ದ ಹತ್ತು ಹಳೆಯ ಪ್ರಕರಣಗಳ ಅಂಗಾಂಶವನ್ನು ಹೊಸ ಬಣ್ಣಗಳಿಂದಲೂ ಡಿಎನ್‌ಎ ಪರೀಕ್ಷೆಯಿಂದಲೂ ಮತ್ತೆ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಮೆಲ್ಲನೆ ಬೆಳೆಯುವ ಬಿ-ಕೋಶ ಲಿಂಫೋಮಾಗಳೇ ಎಂದು ಕಂಡುಬಂತು. ಇವು ವಿಟ್ರಿಯಸ್ ಲಿಂಫೋಮಾದಷ್ಟು ಉಗ್ರವಲ್ಲ, ಮಿದುಳಿನೆಡೆಗೂ ಸಾಮಾನ್ಯವಾಗಿ ಹೋಗುವುದಿಲ್ಲ. ಎಷ್ಟೋ ಸಲ ಅವು ಬಿಳಿಗುಡ್ಡೆಯನ್ನು ದಾಟಿ ಹೊರಗೆ ಗುಲಾಬಿ ಬಣ್ಣದ ಉಬ್ಬಾಗಿ ಕಾಣುವುದರಿಂದ ಅಲ್ಲಿಂದಲೇ ತುಣುಕು ತೆಗೆಯಬಹುದು, ಕಣ್ಣಿನೊಳಗೆ ಹೋಗುವ ಪ್ರಮೇಯವೇ ಇರದು.

1990ರ ದಶಕದಲ್ಲಿ ಪ್ರಶ್ನೆಯೇ ರೂಪ ಬದಲಿಸಿತು. ಅಲ್ಲಿಯತನಕ ಕೋಶವನ್ನು ನೋಡುವುದೇ ಬಯಾಪ್ಸಿಯಾಗಿತ್ತು. ಇನ್ನು ಮುಂದೆ ಕೋಶ ಬಿಟ್ಟುಹೋದ ಕುರುಹನ್ನು ಓದುವುದೂ ಅದರ ಭಾಗವಾಯಿತು. ಅಲ್ಪ ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡಬಲ್ಲ ಪಿಸಿಆರ್ ತಂತ್ರ ಬಂದ ಮೇಲೆ, ಬಿ-ಕೋಶದ ಪ್ರತಿಕಾಯ ವಂಶವಾಹಿಯ ಜೋಡಣೆಯನ್ನು ಕೆಲವೇ ಕೋಶಗಳಿಂದ ತಿಳಿಯಲು ಸಾಧ್ಯವಾಯಿತು. 1998ರಲ್ಲಿ ಡೆಫೆನ್ ಶೆನ್ ಮತ್ತು ಚೀ-ಚಾವ್ ಚಾನ್ ಅವರ ತಂಡ ಗಾಜಿನ ಮೇಲಿನ ಅನುಮಾನಾಸ್ಪದ ಕೋಶಗಳನ್ನಷ್ಟೇ ಸೂಕ್ಷ್ಮವಾಗಿ ಕೆರೆದು ತೆಗೆದು ಈ ಪರೀಕ್ಷೆಗೆ ಒಡ್ಡುವ ವಿಧಾನವನ್ನು ಪ್ರಕಟಿಸಿತು. ಅದಕ್ಕೂ ಮುಂಚೆ, 1995ರಲ್ಲಿ, ಚಾನ್ ಮತ್ತು ಸಂಗಡಿಗರು ಇನ್ನೂ ಸರಳವಾದ ಒಂದು ಸುಳಿವನ್ನು ತೋರಿಸಿದ್ದರು. ಇಂಟರ್‌ಲ್ಯೂಕಿನ್‌-10 ಎಂಬ ಸಂದೇಶವಾಹಕ ಪ್ರೋಟೀನನ್ನು ಬಿ-ಕೋಶ ಲಿಂಫೋಮಾ ಹೇರಳವಾಗಿ ಸುರಿಸುತ್ತದೆ. ಸಾಧಾರಣ ಉರಿಯೂತದಲ್ಲಿ ಹೆಚ್ಚುವುದು ಇಂಟರ್‌ಲ್ಯೂಕಿನ್‌-6. ವಿಟ್ರಿಯಸಿನಲ್ಲಿ ಮೊದಲನೆಯದು ಎರಡನೆಯದನ್ನು ಮೀರಿದರೆ ಲಿಂಫೋಮಾದ ಶಂಕೆ ಬಲವಾಗುತ್ತದೆ. ಇದು ಕ್ಯಾನ್ಸರಿನ ಸಾಕ್ಷಿಯಲ್ಲ, ಸೂಚನೆ ಮಾತ್ರ. ಟಿ-ಕೋಶಗಳಿಂದ ಬರುವ ವಿರಳ ಲಿಂಫೋಮಾದಲ್ಲಿ ಈ ಸೂಚನೆಯನ್ನು ನೆಚ್ಚುವಂತಿಲ್ಲ. ಆದರೂ ಕೋಶಗಳು ಒಡೆದು ಹೋದ ಮಾದರಿಯಲ್ಲೂ ಪ್ರೋಟೀನು ಉಳಿದಿರುತ್ತದೆ ಎಂಬುದೇ ದೊಡ್ಡ ಅನುಕೂಲವಾಯಿತು. 2007ರಲ್ಲಿ ಪ್ಯಾರಿಸಿನ ನಥಾಲಿ ಕಾಸೂ ಮತ್ತು ಸಂಗಡಿಗರು, ಕಾರ್ನಿಯಾದ ಹಿಂದಿನ ನೀರಿನಂಥ ದ್ರವದ ಒಂದು ಹನಿಯಲ್ಲೇ ಇಂಟರ್‌ಲ್ಯೂಕಿನ್‌-10 ಅಳೆದು, ಯಾರಿಗೆ ವಿಟ್ರೆಕ್ಟಮಿ ಬೇಕೆಂದು ಮುಂಚಿತವಾಗಿ ಸೋಸಬಹುದು ಎಂದು ತೋರಿಸಿದರು.

ವಂಶವಾಹಿಯ ಅಕ್ಷರದೋಷವೊಂದು ಕೊನೆಯ ದೊಡ್ಡ ಸೇರ್ಪಡೆ. ಎಂವೈಡಿ88 ಎಂಬ ವಂಶವಾಹಿಯ ಪ್ರೋಟೀನಿನಲ್ಲಿ 265ನೆಯ ಸ್ಥಾನದ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಜಾಗಕ್ಕೆ ಪ್ರೋಲಿನ್ ಬರುವ ಬದಲಾವಣೆ ಕೆಲವು ಬಗೆಯ ಬಿ-ಕೋಶ ಲಿಂಫೋಮಾಗಳಲ್ಲಿ ಇರುವುದನ್ನು 2011ರಲ್ಲಿ ಸಂಶೋಧಕರು ಕಂಡಿದ್ದರು. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಇರಿನಾ ಬೋನ್ಸೈಮ್ ಮತ್ತು ಸಂಗಡಿಗರು, ವಿಟ್ರಿಯಸ್ ಲಿಂಫೋಮಾಗಳಲ್ಲಿ ಬಹುಪಾಲಿನಲ್ಲಿ ಇದೇ ವಂಶವಾಹಿ ಬದಲಾಗಿರುವುದನ್ನೂ, ಸೂಕ್ಷ್ಮದರ್ಶಕ ಸಂದೇಹದಲ್ಲಿ ನಿಂತ ಮಾದರಿಗಳಲ್ಲಿ ಅದು ನಿರ್ಣಯಕ್ಕೆ ನೆರವಾಗುವುದನ್ನೂ ವರದಿ ಮಾಡಿದರು. ಸಾಧಾರಣ ಉರಿಯೂತದಲ್ಲಿ ಈ ದೋಷ ಕಾಣುವುದಿಲ್ಲವಾದ್ದರಿಂದ, ಅದು ಸಿಕ್ಕಿತೆಂದರೆ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆಯೇ. ಸಿಗದಿದ್ದರೆ ಲಿಂಫೋಮಾ ಇಲ್ಲವೆಂದು ಅರ್ಥವಲ್ಲ. 2018ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟಿನ ತಂಡವೊಂದು, ಮಾದರಿಯನ್ನು ಸಾವಿರಾರು ಸೂಕ್ಷ್ಮ ಹನಿಗಳಾಗಿ ಒಡೆದು ಒಂದೊಂದರಲ್ಲೂ ಪಿಸಿಆರ್ ನಡೆಸುವ ವಿಧಾನದಿಂದ, ಕಣ್ಣಿನ ಮುಂಭಾಗದ ದ್ರವದಲ್ಲೂ ಈ ದೋಷವನ್ನು ಪತ್ತೆಹಚ್ಚಿತು.

ಈ ನಡುವೆ ವಿಟ್ರೆಕ್ಟಮಿಯ ಕೊಳವೆಗಳು ಸಣ್ಣಗಾಗಿವೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಕೊಳವೆ ಕಿರಿದು): 2002ರಲ್ಲಿ 25 ಗೇಜ್, 2005ರಲ್ಲಿ 23 ಗೇಜ್, 2010ರಲ್ಲಿ 27 ಗೇಜ್ ಉಪಕರಣಗಳು ಬಂದು, ಹೊಲಿಗೆ ಬೇಡದ ಅರ್ಧ ಮಿಲಿಮೀಟರಿನ ಆಸುಪಾಸಿನ ತೂತುಗಳು ಸಾಕಾದವು. ರೋಗಿಗೆ ಅದರಿಂದ ಸುಖವಾಯಿತಾದರೂ, ಕಿರಿದಾದ ಕೊಳವೆ ಮತ್ತು ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುವ ಅಲಗು ಆ ನಾಜೂಕು ಕೋಶಗಳನ್ನು ಜಜ್ಜುತ್ತವೆಯೇ ಎಂಬ ಚರ್ಚೆ ಹುಟ್ಟಿತು. ಅನೇಕ ಶಸ್ತ್ರವೈದ್ಯರು ಇಂದಿಗೂ ಬಯಾಪ್ಸಿಯ ಭಾಗವನ್ನು ಕಡಿಮೆ ಕತ್ತರಿಸುವ ವೇಗದಲ್ಲೇ ಮುಗಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣವು ವಿಟ್ರಿಯಸ್ ಮತ್ತು ರೆಟಿನಾಗಳ ದೊಡ್ಡ ಬಿ-ಕೋಶ ಲಿಂಫೋಮಾವನ್ನು ಮಿದುಳು ಹಾಗೂ ವೃಷಣಗಳ ಲಿಂಫೋಮಾದೊಂದಿಗೆ ಒಂದೇ ಗುಂಪಿಗೆ ಸೇರಿಸಿದೆ. ದೇಹದ ರೋಗನಿರೋಧಕ ಪಡೆ ಸುಲಭವಾಗಿ ಪ್ರವೇಶಿಸದ ತಾಣಗಳು ಇವು ಮೂರೂ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶವನ್ನು ಕಾಣುವುದೇ ಇಂದಿಗೂ ಅಂತಿಮ ಪ್ರಮಾಣವೆಂದು ಹೆಚ್ಚಿನವರು ಒಪ್ಪುತ್ತಾರೆ, ಆದರೆ ಒಂದು ಮಾದರಿಯಲ್ಲಿ ಕೋಶ ಕಾಣಲಿಲ್ಲವೆಂದು ಹುಡುಕಾಟ ನಿಲ್ಲುವುದಿಲ್ಲ. ಪ್ರೋಟೀನು, ವಂಶವಾಹಿ, ಕೋಶದ ಗುರುತುಗಳು ಎಲ್ಲವನ್ನೂ ಕೂಡಿಸಿ ತೂಗುತ್ತಾರೆ. ಚಿಕಿತ್ಸೆಯ ಕಾಲದಲ್ಲೂ ಈ ಪರೀಕ್ಷೆಗಳು ಮುಂದುವರಿಯುತ್ತವೆ. ಮೆಥೊಟ್ರೆಕ್ಸೇಟ್ ಎಂಬ ಔಷಧಿಯ 400 ಮೈಕ್ರೋಗ್ರಾಮನ್ನು ನೇರ ವಿಟ್ರಿಯಸಿನೊಳಗೆ ಚುಚ್ಚುವ ಪದ್ಧತಿ 1990ರ ದಶಕದಿಂದ ರೂಢಿಗೆ ಬಂದಿದ್ದು, ಚುಚ್ಚಿದಾಗ ಕಣ್ಣಿನ ಒತ್ತಡ ಏರದಂತೆ ಮುಂಭಾಗದಿಂದ ಒಂದೆರಡು ಹನಿ ದ್ರವವನ್ನು ಹೊರತೆಗೆಯುವುದುಂಟು. ಆ ಹನಿಯನ್ನು ಚೆಲ್ಲದೆ ಅದರಲ್ಲಿ ಇಂಟರ್‌ಲ್ಯೂಕಿನ್‌-10 ಅಳೆದು, ರೋಗ ಇಳಿಯುತ್ತಿದೆಯೇ ಮರಳುತ್ತಿದೆಯೇ ಎಂದು ವಾರದಿಂದ ವಾರಕ್ಕೆ ಅರಿಯುವ ಕ್ರಮವನ್ನು ಹಲವು ಆಸ್ಪತ್ರೆಗಳು ಪಾಲಿಸುತ್ತಿವೆ.